ಗೋರಿ ಸರಿದ ದಿಕ್ಕು

ದ್ವೀಪದ ಗೋರಿಗಳು ಪ್ರತಿ ಮಳೆಗಾಲ ಸ್ವಲ್ಪ ಸರಿಯುತ್ತವೆ. ಸತ್ತವರ ಹಬ್ಬದಂದು ಮನೆಯವರು ದೋಣಿಯಲ್ಲಿ ಬಂದು, ಹಾರೆಯಿಂದ ಮೀಟಿ ಮತ್ತೆ ಸಾಲಿಗೆ ತಂದು, ಮೇಣದಬತ್ತಿ ಹಚ್ಚುತ್ತಾರೆ.

ಕಾರ್ಮಿನಳ ಗಂಡನ ಗೋರಿ ಯಾವಾಗಲೂ ಪಾಳು ಇಗರ್ಜಿಯತ್ತಲೇ ಸರಿಯುತ್ತಿತ್ತು. ಪ್ರಾರ್ಥನೆಗೆ ಹೊರಟಿದ್ದಾರೆ ಎಂದುಕೊಂಡಿದ್ದಳು. ಈ ಸಲ ಇಗರ್ಜಿಯ ಗೋಡೆ ಬಿದ್ದಿತ್ತು. ಗೋರಿ ಬಲಿಪೀಠವನ್ನೂ ದಾಟಿ, ಆಚೆಗಿದ್ದ ಮೋನಿಕಾಳ ಗೋರಿಗೆ ತಾಗಿ ನಿಂತಿತ್ತು. ಮೋನಿಕಾ ಮದುವೆಯಾಗದೆ ಸತ್ತವಳು.

ಕಾರ್ಮಿನ್ ಬತ್ತಿ ಹಚ್ಚಿದಳು, ಊದಿ ಆರಿಸಿದಳು, ಮತ್ತೆ ಹಚ್ಚಿದಳು.

ಮೈದುನ ಲೂದ್ರಿಗ್ ಹಾರೆ ಎತ್ತಿಕೊಂಡ. "ಎಳೆದು ತರ್ತೇನೆ ಅತ್ತಿಗೆ. ನಾಳೆ ನಿಮ್ಮ ಜಾಗವೂ ಅಣ್ಣನ ಪಕ್ಕದಲ್ಲೇ ಅಲ್ವಾ?"

"ಬೇಡ, ಅವರು ಅಲ್ಲೇ ಇರ್ಲಿ. ನನ್ನನ್ನು ಹೂಳುವಾಗ ಮಾತ್ರ ಮೇಲೆ ಭಾರದ ಕಲ್ಲು ಇಡು ಲೂದ್ರಿಗ್. ಇಲ್ಲದಿದ್ರೆ ನಾನೂ ಅವರ ಹಿಂದೆಯೇ ಹೋಗ್ತೇನೆ."