ಹಾಡಿನ ನಡುವಿನ ಗುಣುಗುಣು

ತೀರಿಹೋದ ಅಪ್ಪ ಹಾಡಿದ್ದ ಹಳೆಯ ಕ್ಯಾಸೆಟ್ಟನ್ನು ಮಗ ತನ್ನ ಮ್ಯೂಸಿಕ್ ಸ್ಟ್ರೀಮರಿಗೆ ಏರಿಸಿಕೊಂಡಿದ್ದ. ಸಾಲುಸಾಲಿನ ನಡುವೆ ಏನೋ ಗುಣುಗುಣು. ಅದು ಅವನನ್ನು ಕೂರಗೊಡಲಿಲ್ಲ. ವೈಫೈ ಬಿಟ್ಟು ಕೇಬಲ್ ಎಳೆದ, ಅಡಾಪ್ಟರ್ ಬದಲಿಸಿದ, ಸ್ಪೀಕರುಗಳನ್ನು ಗೋಡೆಯಿಂದ ಮುಂದಕ್ಕೆ ತಂದ.

“ಸಾಕು ಬಿಡೋ, ಚೆನ್ನಾಗೇ ಕೇಳ್ಸುತ್ತೆ,” ಅಂದಳು ಅಮ್ಮ, ಬಾಗಿಲಲ್ಲೇ ನಿಂತು.

“ಸಂಜೆ ಅಪ್ಪನ ಶಿಷ್ಯರೆಲ್ಲ ಬರ್ತಾರಮ್ಮ. ಅಂಥ ಗುರುಗಳ ಹಾಡು ಹೀಗಾ ಕೇಳ್ಸೋದು?”

“ಅವರಿಗೆ ಇಷ್ಟೇ ಸಾಕು. ಆಫ್ ಮಾಡು.”

ಅವನು ಬಿಡಲಿಲ್ಲ, ಹೊಸ ಪವರ್ ಸಪ್ಲೈ ಜೋಡಿಸಿ ಮತ್ತೆ ಹಾಕಿದ. ಗುಣುಗುಣು ಹೋಗಲಿಲ್ಲ, ತಿಳಿಯಾಯಿತು. ಅಪ್ಪ ಒಂದು ಸಾಲು ಹಾಡಿ ನಿಲ್ಲಿಸಿದೊಡನೆ ಅಮ್ಮನ ಹರೆಯದ ದನಿ ಸ್ಪಷ್ಟವಾಗಿ ಕೇಳಿಸಿತು:

“ಹಾಗಲ್ಲ ರೀ. ನಾನು ಹೇಳ್ಕೊಟ್ಟ ಹಾಗೇ ಹಾಡಿ.”