ನೀಲವ್ವನ ಮಂಡಿ

ಮಂಡಿಚಿಪ್ಪು ನೋಯುವವರಿಗೆ ಅಲ್ಲಿಯ ನರವನ್ನು ದೀಪದಂತೆ ಆರಿಸಿ, ಏನೂ ತಿಳಿಯದಂತೆ ಮಾಡಿಬಿಡುವುದು ಈಗ ಕಿವಿ ಚುಚ್ಚಿಸಿದಷ್ಟೇ ಸಲೀಸು. ನೀಲವ್ವನೂ ಹೋದ ವಾರ ಆಸ್ಪತ್ರೆಯಲ್ಲಿ ಮಂಡಿಯ ನರ ಆರಿಸಿಕೊಂಡು ಬಂದಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಮ್ಮಗಳಿಗೆ ನೀರೆರೆಯುವ ಮೊದಲು ಎಂದಿನಂತೆ ಬಿಸಿ ನೋಡಲು ತಂಬಿಗೆಯಿಂದ ಒಂದಿಷ್ಟು ತನ್ನ ಮಂಡಿಗೆ ಸುರಿದುಕೊಂಡಳು. ಸುಡಲಿಲ್ಲ; ಹದವಾಗಿದೆ ಎನ್ನಿಸಿ ಕೂಸಿಗೆ ಕೈ ಚಾಚಿದಳು.

“ಯವ್ವಾ, ಮಂಡಿ ಹೆಂಗ ಕೆಂಪಗಾಗೇತಿ ನೋಡ!” ಮಗಳು ಸಾವಂತ್ರಿ ಕೂಸನ್ನು ಹಿಂದಕ್ಕೆಳೆದುಕೊಂಡಳು. “ಕೈಯಿಂದ ನೋಡಬಾರದೇನು?”

“ಕೈ ಒಲಿ ಮುಂದ ಎಂದೋ ದಡ್ಡುಗಟ್ಟ್ಯಾವು. ನಿನಗೂ ಮಂಡಿ ಮ್ಯಾಲೆ ನೋಡೇ ಎರದೀನಿ.”

“ಇನ್ನ ನೀ ಎರೀಬ್ಯಾಡ.”

ನೋವು ಬಂದರೂ ಬರಲಿ, ನರ ಮತ್ತೆ ಹಚ್ಚಿಕೊಡಿ ಎಂದು ನೀಲವ್ವ ಆಸ್ಪತ್ರೆಯಲ್ಲಿ ಬೇಡಿದಳು.

“ಆರಿಸಿದ್ದು ಮತ್ತ ಹತ್ತೂದಿಲ್ಲ, ಆಯಿ,” ಎಂದಳು ನರ್ಸ್.

ಮರುದಿನ ಸಾವಂತ್ರಿ ತಾನೇ ಎರೆದು, ಕೂಸನ್ನು ತಂದು ಅವ್ವನ ಕಾಲ ಮೇಲೆ ಮಲಗಿಸಿದಳು. ಅದು ಮಂಡಿಗೆ ಒದೆಯುತ್ತಿರುವುದು ನೀಲವ್ವನಿಗೆ ಕಣ್ಣಿನಿಂದಷ್ಟೇ ತಿಳಿಯಿತು.