ಒಳಗಿನ ಚಿಲಕ

ಅಂದು ಬೆಳಗ್ಗೆ ಊರಿಗೆಲ್ಲ ವಿಭೂತಿ ಬಳಿದಂತೆ ಮಂಜು ಕವಿದಿತ್ತು. ಕೂಸು ನೋಡಿಕೊಂಡು ಆ ಮನೆಯಲ್ಲೇ ಇರಲು ಬಂದ ಕಾಶವ್ವನಿಗೆ ಯಜಮಾನಿ ಕೋಣೆ ತೋರಿಸಿದಳು. ಮಂಚವಿತ್ತು, ಕಿಟಕಿಯಿತ್ತು, ಬಾಗಿಲಿಗೆ ಚಿಲಕ ಮಾತ್ರ ಹೊರಗಡೆ.

“ಒಳಗೊಂದು ಚಿಲಕ ಹಾಕಸ್ರೀ ಅಕ್ಕಾರ. ಹೆಣ್ಣಮಗಳು, ನಿದ್ದಿ ಹತ್ತಬೇಕಲ್ರೀ.”

“ನಾವೆಲ್ಲಾ ಒಂದ ಮನಿಯವರು, ಕಾಶವ್ವಾ. ಮನಿಯವರಿಗ್ಯಾಕ ಚಿಲಕ?”

“ಅದೂ ಖರೇನ ಬಿಡ್ರಿ,” ಎಂದು ಕಾಶವ್ವ ಶಿವನ ನೆನೆದು ಗಂಟು ಇಳಿಸಿದಳು.

ಸಂಜೆ ಕಚೇರಿಯಿಂದ ಬಂದ ಯಜಮಾನಿ ಚೀರಿದಳು. “ನಮ್ಮ ಮಲಗೋ ಖೋಲಿ ಚಿಲಕ ಎಲ್ಲಿ?”

ಕೂಸಿಗೆ ಗಂಜಿ ಉಣಿಸುತ್ತಿದ್ದ ಕಾಶವ್ವ ತಲೆಯೆತ್ತಲಿಲ್ಲ. “ನನ್ನ ಬಾಗಲಕ್ಕೈತ್ರಿ. ನೀವಂತೂ ಮನಿಯವರು, ನಿಮಗ್ಯಾಕ್ರೀ?”

ಮರುದಿನ ಯಜಮಾನಿ ಕಾಶವ್ವನ ಬಾಗಿಲಿಗೆಂದು ಹೊಸ ಚಿಲಕ ತಂದಳು. ಕಾಶವ್ವ ಹಳೆಯದನ್ನು ಬಿಚ್ಚಿ, ಸೆರಗಿನಲ್ಲಿ ಒರೆಸಿ ಅವಳ ಕೈಗಿಟ್ಟಳು.